ಹುಬ್ಬಳ್ಳಿ–ಮಂಗಳೂರು: ಆಕಾಶದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ತಂಗಿಯನ್ನು ಸುರತ್ಕಲ್ಲಿಗೆ ಕೊಟ್ಟಿದ್ದೇವೆ. ಹುಬ್ಬಳ್ಳಿಯ ನಮ್ಮ ಮನೆಯಿಂದ ಅಲ್ಲಿಗೆ ಹೋಗುವುದೆಂದರೆ ರಾತ್ರಿ ಬಸ್ಸು. ಯಲ್ಲಾಪುರ ದಾಟಿ, ಅರಬೈಲು ಘಟ್ಟದ ತಿರುವುಗಳಲ್ಲಿ ನಿದ್ದೆ ಕೆಟ್ಟು, ಅಂಕೋಲೆಯಲ್ಲಿ ಕರಾವಳಿಯ ಹೆದ್ದಾರಿ ಹಿಡಿದು ಬೆಳಗಿನ ಜಾವ ಇಳಿಯುವುದು. ಒಮ್ಮೆ ಅವಳ ಮಗಳ ನಾಮಕರಣಕ್ಕೆ ವಿಮಾನದಲ್ಲಿ ಹೊರಟೆ. ಆಗ ನೇರ ವಿಮಾನ ಇರಲಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ಕಾದು, ಇನ್ನೊಂದನ್ನು ಹತ್ತಬೇಕಿತ್ತು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವಳು ಸುರತ್ಕಲ್ ಸೇರಿದಾಗ ಮಧ್ಯಾಹ್ನ ಒಂದೂವರೆ. ಫೋನಿನಲ್ಲಿ ಅವ್ವ ಕೇಳಿದಳು: "ವಿಮಾನದಾಗ ಹೋದ್ರೂ ಇಷ್ಟೊತ್ತು ಹಿಡೀತೇನವಾ? ಹಂಗಾರ ಮಂಗಳೂರು ಎಷ್ಟು ದೂರ ಐತಿ?"

ಅವ್ವನ ಪ್ರಶ್ನೆಗೆ ಒಂದೇ ಉತ್ತರ ಹುಡುಕಲು ಹೋಗಿ ನನಗೆ ಹಲವು ಉತ್ತರಗಳು ಸಿಕ್ಕವು. ನಕ್ಷೆ ನೋಡುವವರು ಹೇಳುವ ದೂರ ಒಂದು, ವಿಮಾನ ನಡೆಸುವವರು ಹೇಳುವುದು ಇನ್ನೊಂದು, ವೇಳಾಪಟ್ಟಿ ಬರೆಯುವವರದು ಮತ್ತೊಂದು, ಊರುಗಳ ಸಾರಿಗೆಯನ್ನು ಯೋಜಿಸುವವರದು ಬೇರೆಯೇ. ಎಲ್ಲರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ಆದರೆ ಸಣ್ಣ ನಿಲ್ದಾಣಗಳಿಗೆ ಸಹಾಯಧನ, ದರದ ಮಿತಿ, ಇಂಧನದ ಲೆಕ್ಕ ಇವೆಲ್ಲ ನಿಂತಿರುವುದು ಯಾವ ದೂರದ ಮೇಲೆ ಎಂದು ಕೇಳಿದಾಗ ವಾದ ಶುರುವಾಗುತ್ತದೆ. ಆ ವಾದದ ಉದ್ದಗಲವನ್ನು, ನನ್ನೂರಿನ ದಾರಿಯನ್ನೇ ಮುಂದಿಟ್ಟುಕೊಂಡು, ಇಲ್ಲಿ ಬರೆದಿದ್ದೇನೆ.

ಹರದಾರಿಯಿಂದ ತ್ರಿಕೋನಕ್ಕೆ

ನಮ್ಮ ಹಿರಿಯರ ದೂರದ ಮಾತುಗಳಲ್ಲಿ ಹೊತ್ತು ಬೆರೆತೇ ಇತ್ತು. ಕೂಗಳತೆ ದೂರ ಎಂದರೆ ದನಿ ಮುಟ್ಟುವಷ್ಟು. ಹೊತ್ತು ಮುಳುಗುವುದರೊಳಗೆ ಸೇರುವ ಊರು ಎಂದರೆ ಒಂದು ಹಗಲಿನ ನಡಿಗೆಯಷ್ಟು. ಹರದಾರಿ, ಗಾವುದಗಳು ಹೆಸರಿಗೆ ಅಳತೆಗಳಾದರೂ ಊರಿಂದ ಊರಿಗೆ ಹಿಗ್ಗುತ್ತ ಕುಗ್ಗುತ್ತ ಇದ್ದವು. ಘಟ್ಟದ ಹರದಾರಿಗೂ ಬಯಲುಸೀಮೆಯ ಹರದಾರಿಗೂ ಕಾಲಿಗೆ ಸಿಗುವ ದಣಿವು ಒಂದೇ ಅಲ್ಲವಲ್ಲ.

ದೂರವನ್ನು ದಣಿವಿನಿಂದ ಬಿಡಿಸಿ ಶುದ್ಧ ಅಂಕಿಯಾಗಿ ಮಾಡಿದ ಕೆಲಸದ ಒಂದು ಮುಖ್ಯ ಅಧ್ಯಾಯ ನಮ್ಮ ನೆಲದಲ್ಲೇ ನಡೆದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಕಿ ಆಧಾರರೇಖೆಯೊಂದನ್ನು ಅಳೆದ. ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೂಡುತ್ತ ಮದ್ರಾಸಿನಿಂದ ಮಂಗಳೂರಿನ ತನಕ ಪರ್ಯಾಯದ್ವೀಪದ ಅಗಲವನ್ನು ಲೆಕ್ಕ ಹಾಕಿದ. ಹಳೆಯ ನಕ್ಷೆಗಳಲ್ಲಿ 400 ಮೈಲಿ ಎಂದಿದ್ದದ್ದು ಸುಮಾರು 360 ಮೈಲಿಗೆ ಇಳಿಯಿತು. ಮಂಗಳೂರು ಎಷ್ಟು ದೂರ ಎಂಬ ಪ್ರಶ್ನೆಗೆ ನಲವತ್ತು ಮೈಲಿಯಷ್ಟು ತಪ್ಪು ಉತ್ತರವನ್ನು ಜನ ಅಲ್ಲಿಯವರೆಗೆ ನಂಬಿದ್ದರು.

ವಿಮಾನ ಬಂದಾಗ ಈ ಶುದ್ಧ ಅಂಕಿಗೆ ಹೊಸ ಬೆಲೆ ಬಂತು. ಗಾಳಿಯಲ್ಲಿ ಘಟ್ಟವಿಲ್ಲ, ಹೊಳೆಯಿಲ್ಲ. ದಾರ ಹಿಡಿದಂತೆ ನೇರ ಹೋಗಬಹುದು ಎನ್ನುವುದೇ ಅದರ ಆಕರ್ಷಣೆ. ಆದರೆ ಮೊದಲ ದಿನದಿಂದಲೇ ದಾರ ಬಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದದ್ದು ಬಳ್ಳಾರಿಯ ಮೂಲಕ. ಪುಟ್ಟ ಪುಸ್ ಮಾತ್ ವಿಮಾನಕ್ಕೆ ಒಂದೇ ಉಸಿರಿಗೆ ಅಷ್ಟು ದೂರ ಹೋಗುವ ಶಕ್ತಿ ಇರಲಿಲ್ಲ. ಹಾಗಾಗಿ ಟಾಟಾ ವಾಯು ಅಂಚೆಯ ಮೊದಲ ನಕ್ಷೆಯಲ್ಲಿ ಬಳ್ಳಾರಿ ಇತ್ತು. ಮುಂದೆ ವಿಮಾನಗಳು ಅಲ್ಲಿ ಇಳಿಯುವುದನ್ನು ಬಿಟ್ಟವು. ನಡುವಿನ ಊರು ನಕ್ಷೆಯಿಂದ ಜಾರಿದ ಈ ಕಥೆ ಮುಂದೆ ಎಷ್ಟೋ ಸಣ್ಣ ನಿಲ್ದಾಣಗಳ ಪಾಲಿಗೆ ಮರುಕಳಿಸಿದೆ.

ಮಂಗಳೂರಿನ ಬಜ್ಪೆಗೆ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣಕ್ಕೆ ಚಾಲನೆ ಕೊಟ್ಟರು. 1981ರಲ್ಲಿ ಸಣ್ಣ ಊರುಗಳಿಗಾಗಿ ವಾಯುದೂತ್ ಎಂಬ ಕಂಪನಿ ಹುಟ್ಟಿತು, ಮುಂದಿನ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನಗಳನ್ನು ತಂದಾಗ ಹುಬ್ಬಳ್ಳಿಯಂಥ ಊರಿನವರು ಮತ್ತೆ ಆಕಾಶ ನೋಡಿದರು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಸಣ್ಣ ಊರುಗಳ ವಿಮಾನಕ್ಕೆ ಸರ್ಕಾರ ನೆರವು ಕೊಡುವ ಉಡಾನ್ ಯೋಜನೆ ನೆಲಬಿಟ್ಟಿತು. ಕಲಬುರಗಿಗೆ 2019ರ ನವೆಂಬರ್‌ನಲ್ಲಿ, ಬೀದರಿಗೆ 2020ರ ಫೆಬ್ರುವರಿಯಲ್ಲಿ, ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಂದು ನಾಗರಿಕ ವಿಮಾನ ಸೇವೆ ಬಂತು. ನಿಲ್ದಾಣಗಳು ಹೆಚ್ಚಿದಂತೆ, ಅವುಗಳ ನಡುವಿನ ದೂರ ಯಾವುದು ಎಂಬ ಪ್ರಶ್ನೆಯೂ ದೊಡ್ಡದಾಯಿತು.

ನಕ್ಷೆಯವರ ಲೆಕ್ಕ

ದೂರ ಎಣಿಸುವವರಲ್ಲಿ ಮೊದಲ ಪಂಥ ಭೂಮಿತಿಯದು. ಭೂಮಿಯ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ಹಾದಿ ಮಹಾವೃತ್ತದ ತುಣುಕು. ಪ್ರತಿ ನಿಲ್ದಾಣಕ್ಕೂ ಒಂದು ಉಲ್ಲೇಖ ಬಿಂದು ಇದೆ. ಅದರ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ದೂರ ತಾನೇ ಬರುತ್ತದೆ. ಭೂಮಿಯನ್ನು ಸರಿಯಾದ ಗೋಳವೆಂದುಕೊಂಡರೆ ಹುಬ್ಬಳ್ಳಿ–ಮಂಗಳೂರು ನಿಲ್ದಾಣಗಳ ನಡುವೆ ಹೆಚ್ಚುಕಡಿಮೆ 268 ಕಿ.ಮೀ. ಭೂಮಿ ಧ್ರುವಗಳ ಕಡೆ ಚಪ್ಪಟೆಯಾಗಿದೆ ಎಂಬುದನ್ನು ಲೆಕ್ಕಕ್ಕೆ ತಂದರೆ 266. ಈ ಒಂದು ಚಿಲ್ಲರೆ ಕಿಲೋಮೀಟರಿನ ವ್ಯತ್ಯಾಸ ಬರುವುದು ಎರಡೂ ಊರುಗಳು ಬಹುತೇಕ ಉತ್ತರ–ದಕ್ಷಿಣವಾಗಿ ಇರುವುದರಿಂದ. ನಮ್ಮ ಅಕ್ಷಾಂಶದಲ್ಲಿ ಉತ್ತರ–ದಕ್ಷಿಣದ ಒಂದು ಡಿಗ್ರಿ, ಗೋಳದ ಲೆಕ್ಕಕ್ಕಿಂತ ತುಸು ಗಿಡ್ಡ. ಚಪ್ಪಟೆ ಗೋಳದ ಮೇಲೆ ಮಿಲಿಮೀಟರಿನ ಮಟ್ಟಿಗೆ ದೂರ ಹೇಳುವ ಸೂತ್ರವನ್ನು ವಿನ್ಸೆಂಟಿ ಎಂಬ ಭೂಮಾಪನ ತಜ್ಞ 1975ರಲ್ಲಿ ಪ್ರಕಟಿಸಿದ. ಗಣಿತದ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಈ ಪಂಥದ ಬಲ ಇರುವುದು ನ್ಯಾಯದಲ್ಲಿ. ಯಾರು ಅಳೆದರೂ ಅದೇ ಅಂಕಿ. ಯಾವ ಕಂಪನಿಯೂ ಅದನ್ನು ಹಿಗ್ಗಿಸಲಾರದು. ಆದ್ದರಿಂದಲೇ ಸರ್ಕಾರಗಳಿಗೆ ಇದು ಪ್ರಿಯ. ಉಡಾನ್ ಯೋಜನೆಯಲ್ಲಿ ಟಿಕೆಟ್ಟಿನ ಗರಿಷ್ಠ ದರವನ್ನು ದೂರದ ಹಂತಗಳಿಗೆ ತಕ್ಕಂತೆ ಕಟ್ಟಿದ್ದಾರೆ. ಯೋಜನೆ ಶುರುವಾದಾಗ ಎಲ್ಲರ ಬಾಯಲ್ಲಿದ್ದ ಮಾತು "ಒಂದು ಗಂಟೆ, 500 ಕಿಲೋಮೀಟರ್, 2,500 ರೂಪಾಯಿ". ಈ ಮಾತಿನಲ್ಲಿ ಗಂಟೆಯನ್ನೂ ಕಿಲೋಮೀಟರನ್ನೂ ಒಂದೇ ತಕ್ಕಡಿಗೆ ಹಾಕಿದ್ದಾರೆ. ಎಟಿಆರ್ ವಿಮಾನ ಸಮತಟ್ಟಾಗಿ ಹಾರುವಾಗ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿರುತ್ತದೆ, ನಿಜ. ಹಾಗಾದರೆ 266 ಕಿ.ಮೀ.ಗೆ ಮೂವತ್ತೆರಡು ನಿಮಿಷ ಸಾಕು. ಆದರೆ ಇಷ್ಟು ದೂರದ ಯಾವ ಮಾರ್ಗದ ವೇಳಾಪಟ್ಟಿಯಲ್ಲೂ ಮೂವತ್ತೆರಡು ನಿಮಿಷ ಎಂದು ಬರೆದಿರುವುದಿಲ್ಲ. ಒಂದು ಗಂಟೆಯ ಆಸುಪಾಸೇ ಇರುತ್ತದೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಎಂಬುದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ.

ಇನ್ನೊಂದು ಸಂಗತಿ. ಭೂಮಿತಿಯ ಅಂಕಿ ಒಂದೇ ಆದರೂ ಅದನ್ನು ಬಳಸುವವರೇ ಅದರ ಮೇಲೆ ಪೂರ್ತಿ ನಂಬಿಕೆ ಇಟ್ಟಿಲ್ಲ. ಇಂಗಾಲದ ಲೆಕ್ಕ ಹಾಕುವಾಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪದ್ಧತಿ 550 ಕಿ.ಮೀ. ಒಳಗಿನ ಹಾರಾಟಕ್ಕೆ 50 ಕಿ.ಮೀ. ಸೇರಿಸುತ್ತದೆ. ಯುರೋಪಿನ ಇಂಗಾಲ ವಹಿವಾಟಿನ ನಿಯಮ ಎಲ್ಲ ಹಾರಾಟಕ್ಕೂ 95 ಕಿ.ಮೀ. ಕೂಡಿಸುತ್ತದೆ. ಬ್ರಿಟನ್ನಿನ ಸರ್ಕಾರಿ ಲೆಕ್ಕ ಶೇ 8ರಷ್ಟು ಏರಿಸುತ್ತದೆ. ಹುಬ್ಬಳ್ಳಿ–ಮಂಗಳೂರು ದಾರಿಯನ್ನು ಈ ಮೂರು ಖಾತೆಗಳಲ್ಲಿ ಬರೆದರೆ ಒಂದರಲ್ಲಿ 316, ಇನ್ನೊಂದರಲ್ಲಿ 361, ಮತ್ತೊಂದರಲ್ಲಿ 287 ಕಿ.ಮೀ. ಆಗುತ್ತದೆ. ನೇರ ದೂರ ಸಾಲದು ಎಂಬುದನ್ನು ಮೂವರೂ ಒಪ್ಪಿದ್ದಾರೆ. ಎಷ್ಟು ಸಾಲದು ಎಂಬುದರಲ್ಲಿ ಒಮ್ಮತವಿಲ್ಲ. ದೀರ್ಘ ಹಾರಾಟದಲ್ಲಿ ಹೀಗೆ ಕೂಡಿಸಿದ 95 ಕಿ.ಮೀ. ಕಣ್ಣಿಗೇ ಬೀಳದು. ನಮ್ಮಂಥ ಗಿಡ್ಡ ದಾರಿಗಳಲ್ಲಿ ಅದು ಮೂಲ ಅಂಕಿಯ ಮೂರನೇ ಒಂದು ಪಾಲನ್ನು ದಾಟಿಬಿಡುತ್ತದೆ.

ಹಾದಿಯವರು ಹೇಳುವುದು

ಪೈಲಟ್‌ಗಳು, ವಾಯು ಸಂಚಾರ ನಿಯಂತ್ರಕರು, ಹಾರಾಟದ ಯೋಜನೆ ಬರೆಯುವವರು ನೇರ ರೇಖೆಯನ್ನು ದೂರವೆಂದು ಒಪ್ಪುವುದಿಲ್ಲ. ವಿಮಾನ ನಿಜವಾಗಿ ಸವೆಸಿದ ಹಾದಿಯೇ ಅವರಿಗೆ ದೂರ.

ಹಿಂದೆ ವಾಯುಮಾರ್ಗಗಳು ನೆಲದ ರೇಡಿಯೊ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದವು. ಈಗ ಉಪಗ್ರಹದ ನೆರವಿನಿಂದ ಬಯಲಿನಲ್ಲೂ ಬಿಂದು ಗುರುತಿಸಬಹುದು, ದಾರಿ ನೇರವಾಗಿದೆ. ಆದರೂ ಎರಡು ತುದಿಗಳ ಬಾಗು ತಪ್ಪುವುದಿಲ್ಲ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಮಂಗಳೂರಿನ ದೊಡ್ಡ ರನ್‌ವೇ ಈಶಾನ್ಯ–ನೈಋತ್ಯವಾಗಿ ಮಲಗಿದೆ. ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ ಬೀಸುವಾಗ ಉತ್ತರದಿಂದ ಬಂದ ವಿಮಾನ ಒಳನಾಡಿನ ಕಡೆಗೆ ಸರಿದು, ಬಳಸಿ, ಸಮುದ್ರದ ಕಡೆ ಮುಖ ಮಾಡಿ ಇಳಿಯುತ್ತದೆ. ಈ ಸುತ್ತು ಐದು ನಿಮಿಷವೂ ಆಗಬಹುದು, ಮೋಡ ಕವಿದು ಕಾಯಬೇಕಾದರೆ ಇಪ್ಪತ್ತೂ ಆಗಬಹುದು. ಗುಡ್ಡದ ನೆತ್ತಿ ಕಡಿದು ಮಾಡಿದ ಅಲ್ಲಿನ ರನ್‌ವೇಯಲ್ಲಿ 2010ರ ಮೇ 22ರಂದು ವಿಮಾನ ದುರಂತದಲ್ಲಿ 158 ಜನ ಜೀವ ಕಳೆದುಕೊಂಡದ್ದನ್ನು ಕರಾವಳಿಯವರು ಮರೆತಿಲ್ಲ. ಅಲ್ಲಿ ಪೈಲಟ್ ಇನ್ನೊಂದು ಸುತ್ತು ಹಾಕಿ ಬರುತ್ತೇನೆ ಎಂದರೆ ಆ ಸುತ್ತನ್ನು ತಡ ಎಂದು ಎಣಿಸಲು ನನಗೆ ಮನಸ್ಸು ಬರುವುದಿಲ್ಲ.

ಗಾಳಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಮಯ ಏರುಪೇರಾದರೆ ಜನ ಎದುರುಗಾಳಿಯನ್ನು ದೂರುತ್ತಾರೆ. ಲೆಕ್ಕ ಹಾಕಿ ನೋಡೋಣ. 266 ಕಿ.ಮೀ. ಎಂದರೆ 144 ನಾಟಿಕಲ್ ಮೈಲು. 270 ನಾಟ್, ಅಂದರೆ ಗಂಟೆಗೆ 270 ನಾಟಿಕಲ್ ಮೈಲು, ವೇಗದ ವಿಮಾನಕ್ಕೆ 20 ನಾಟ್ ಎದುರುಗಾಳಿ ಸಿಕ್ಕರೂ ಹೆಚ್ಚಾಗುವುದು ಎರಡೂವರೆ ನಿಮಿಷ. ಮೇಲಾಗಿ ನಮ್ಮ ದಾರಿ ಉತ್ತರ–ದಕ್ಷಿಣ; ಮುಂಗಾರಿನ ಪಡುವಣ ಗಾಳಿ ಅದಕ್ಕೆ ಅಡ್ಡ ಬೀಸುತ್ತದೆ, ಎದುರಲ್ಲ. ಬೆಂಗಳೂರು–ಮಂಗಳೂರು ದಾರಿಯಲ್ಲಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ ಸಿಗಬಹುದು. ಅಲ್ಲಿಯೂ ವ್ಯತ್ಯಾಸ ಕೆಲವೇ ನಿಮಿಷ. ಖಂಡ ದಾಟುವ ವಿಮಾನಕ್ಕೆ ಗಾಳಿ ದೊಡ್ಡ ವಿಷಯ, ನಮ್ಮ ದಾರಿಗೆ ಅಲ್ಲ.

ಹೆಚ್ಚು ತೂಕ ಇರುವುದು ಏರಿಳಿತಕ್ಕೆ. ಇಳಿಯುವ ವಿಮಾನಕ್ಕೆ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲು ಬೇಕು ಎಂಬುದು ಪೈಲಟ್‌ಗಳ ರೂಢಿ ಲೆಕ್ಕ. ಎಟಿಆರ್ 17,000 ಅಡಿಯಲ್ಲಿದ್ದರೆ ಮಂಗಳೂರಿಗೆ ಇನ್ನೂ ಸುಮಾರು 94 ಕಿ.ಮೀ. ಇರುವಾಗಲೇ ಇಳಿತ ಶುರುವಾಗಬೇಕು. ಏರಲು ಸುಮಾರು ಅಷ್ಟೇ ದೂರ. ಉಳಿಯುವುದು 80 ಕಿ.ಮೀ. ಹತ್ತಿರ ಹತ್ತಿರ. ಅಂದರೆ ಗಂಟೆಗೆ 500 ಎಂಬ ವೇಗ ವಿಮಾನಕ್ಕೆ ಸಿಗುವುದು ದಾರಿಯ ಮೂರನೇ ಒಂದು ಭಾಗದಲ್ಲಿ ಮಾತ್ರ. ದೊಡ್ಡ ಜೆಟ್ ಹಾಕಿದರೂ ಸ್ಥಿತಿ ಬದಲಾಗದು; 10,000 ಅಡಿಯ ಕೆಳಗೆ ಅದಕ್ಕೂ 250 ನಾಟ್ ಮಿತಿ ಇದೆ, ಅದರ ಓಟಕ್ಕೆ ಬೇಕಾದ ಬಯಲೇ ಇಲ್ಲಿಲ್ಲ. ನೇರ ದೂರ ಅರ್ಧವಾದರೂ ಸಮಯ ಅರ್ಧವಾಗದಿರುವುದರ ಗುಟ್ಟು ಇದೇ.

ವಾಯುಪ್ರದೇಶದ ಮೇಲಿನ ನಿರ್ಬಂಧವೂ ಇದೆ. ಬೀದರ್, ಯಲಹಂಕ, ಬೆಳಗಾವಿಯ ಸಾಂಬ್ರಾಗಳಲ್ಲಿ ವಾಯುಪಡೆಯ ನೆಲೆಗಳಿವೆ. ಚಿತ್ರದುರ್ಗದ ಬಳಿ ರಕ್ಷಣಾ ಸಂಶೋಧನೆಯ ಪರೀಕ್ಷಾ ವಲಯವಿದೆ. ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ದಿನಗಳಲ್ಲಿ ದೇವನಹಳ್ಳಿಯ ಬೆಂಗಳೂರು ನಿಲ್ದಾಣದ ವಿಮಾನಗಳು ಗಂಟೆಗಟ್ಟಲೆ ಸುಮ್ಮನಿರಬೇಕು. ದೇಶದ ಆಕಾಶದಲ್ಲಿ ಶೇ 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತ ಎಂದು 2020ರ ಮೇನಲ್ಲಿ ಕೇಂದ್ರ ಸರ್ಕಾರವೇ ಹೇಳಿ, ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿತಾಯ ಎಂದಿತ್ತು.

ಗಡಿಯಾರದವರು

ಟಿಕೆಟ್ಟಿನ ಮೇಲಿನ ಸಮಯ ಹಾರಾಟದ ಸಮಯವಲ್ಲ. ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ: ಚಕ್ರಕ್ಕೆ ಕೊಟ್ಟ ಅಡೆಯನ್ನು ತೆಗೆದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ಅಡೆ ಕೊಟ್ಟ ಕ್ಷಣದ ತನಕ. ವಿಮಾನ ನೆಲದಲ್ಲಿ ಉರುಳುವ ಹೊತ್ತೂ ಅದರಲ್ಲಿ ಸೇರಿದೆ. ಹುಬ್ಬಳ್ಳಿಯಲ್ಲಿ ಇದು ಕೆಲವೇ ನಿಮಿಷ. ವಿಮಾನ ನಿಂತ ಜಾಗದಿಂದ ರನ್‌ವೇ ಕಣ್ಣೆದುರೇ ಇದೆ. ದೇವನಹಳ್ಳಿಯಲ್ಲಿ 2019ರ ಡಿಸೆಂಬರ್‌ನಿಂದ ಎರಡು ರನ್‌ವೇಗಳಿವೆ. ಎಲ್ಲಿ ನಿಂತಿದೆ, ಯಾವ ರನ್‌ವೇ ಸಿಗುತ್ತದೆ ಎಂಬುದರ ಮೇಲೆ ಉರುಳುವ ಹೊತ್ತು ಬಹಳ ಹಿಗ್ಗುತ್ತದೆ. ಆದ್ದರಿಂದ ಸಣ್ಣ ಊರಿನಿಂದ ದೊಡ್ಡ ಊರಿಗೆ ಹೋಗುವ ವಿಮಾನದ ಸಮಯವನ್ನು ಕಟ್ಟಿಕೊಡುವುದು ದೊಡ್ಡ ಊರಿನ ದಟ್ಟಣೆಯೇ.

ಇದಕ್ಕೆ ಮತ್ತೊಂದು ಪದರ: ಮೀಸಲು ನಿಮಿಷಗಳು. ನಿಗದಿತ ಹೊತ್ತಿಗಿಂತ 15 ನಿಮಿಷದ ಒಳಗಿದ್ದರೆ ಸಕಾಲ ಎಂದು ಎಣಿಸುವ ಪದ್ಧತಿ ಜಗತ್ತಿನ ಬಹುಕಡೆ ಇದೆ. ಅಮೆರಿಕದಲ್ಲಿ 1987ರಿಂದ ದೊಡ್ಡ ಕಂಪನಿಗಳು ಈ ಅಂಕಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಸರ್ಕಾರ ಜನರ ಮುಂದಿಡುತ್ತದೆ. ಅಂಕಿ ಬಯಲಾದ ಮೇಲೆ ಕಂಪನಿಗಳು ವೇಳಾಪಟ್ಟಿಗೆ ಒಂದಿಷ್ಟು ನಿಮಿಷ ಕೂಡಿಸಿಟ್ಟುಕೊಳ್ಳತೊಡಗಿದವು ಎಂಬುದು ಒಂದು ವಾದ. ಇದರಲ್ಲಿ ಎರಡು ಬಣಗಳಿವೆ. ಇದು ಪ್ರಯಾಣಿಕನಿಗೆ ಮಾಡುವ ವಂಚನೆ, ನಿಜವಾದ ತಡವನ್ನು ಮುಚ್ಚಿಡುವ ಉಪಾಯ ಎನ್ನುತ್ತದೆ ಒಂದು. ಇನ್ನೊಂದು ಬಣದ ಮಾತು ಬೇರೆ: ಪ್ರತಿದಿನ ಏರುಪೇರಾಗುವುದಕ್ಕೆ ಸರಾಸರಿ ಬರೆದರೆ ಅರ್ಧದಷ್ಟು ದಿನಗಳಲ್ಲಿ ತಡವೇ ಆಗುತ್ತದೆ, ಮುಂದಿನ ವಿಮಾನ ಹಿಡಿಯಬೇಕಾದವನಿಗೆ ಬೇಕಿರುವುದು ನಂಬಬಹುದಾದ ಹೊತ್ತು, ಅದಕ್ಕೆ ಮೀಸಲು ಇರಲೇಬೇಕು.

ನನಗೆ ಎರಡನೆಯ ಬಣದ ಮಾತು ಹೆಚ್ಚು ಒಪ್ಪಿಗೆ. ಬೆಳಗಿನ ಒಂದು ಎಟಿಆರ್ ದಿನವಿಡೀ ನಾಲ್ಕಾರು ಊರು ಸುತ್ತುತ್ತದೆ; ಮೊದಲ ಊರಿನಲ್ಲಿ ಮಂಜು ಬಿದ್ದು ಅರ್ಧ ಗಂಟೆ ತಡವಾದರೆ ಸಂಜೆಯ ಊರಿನವರೆಗೂ ಅದು ಹರಿದುಹೋಗುತ್ತದೆ. ಸರಪಳಿಯ ಕೊನೆಯಲ್ಲಿ ಇರುವುದು ಯಾವಾಗಲೂ ಸಣ್ಣ ನಿಲ್ದಾಣ. ಆದರೆ ಮೀಸಲು ಎಷ್ಟು, ಏಕೆ ಎಂಬುದು ಪ್ರಯಾಣಿಕನಿಗೆ ಕಾಣಬೇಕು ಎಂಬ ಮೊದಲ ಬಣದ ಹಟವನ್ನು ನಾನು ಬಿಡಲಾರೆ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ತಿಂಗಳಿಗೊಮ್ಮೆ ಕೊಡುವ ಸಕಾಲದ ಅಂಕಿಗಳು ಮಹಾನಗರಗಳ ನಿಲ್ದಾಣಗಳನ್ನು ಆಧರಿಸಿದವು. ಕಲಬುರಗಿಯಲ್ಲಿ ಕಾದು ಕುಳಿತವರ ನಿಮಿಷಗಳು ಆ ಪಟ್ಟಿಯಲ್ಲಿ ಸೇರುವುದಿಲ್ಲ.

ಗಡಿಯಾರದವರ ಲೆಕ್ಕದಿಂದ ಹೊರಬೀಳುವ ಇನ್ನೊಂದು ಸತ್ಯ ಹಣದ್ದು. ಒಂದು ಎಟಿಆರ್ ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತದೆ ಎಂದುಕೊಳ್ಳಿ. 266 ಕಿ.ಮೀ. ದಾರಿಗೆ ಒಂದು ಗಂಟೆ, ಇಳಿಸಿ ಹತ್ತಿಸಲು ಅರ್ಧ ಗಂಟೆ; ಎಂಟು ಸಲ ಹಾರಿದರೆ 2,128 ಕಿ.ಮೀ. ಅದೇ ವಿಮಾನ ಬೆಂಗಳೂರು–ಕಲಬುರಗಿಯಂಥ 462 ಕಿ.ಮೀ. ದಾರಿಯಲ್ಲಿ ಒಂದೂಕಾಲು ಗಂಟೆ ಹಾರಿ, ಅಷ್ಟೇ ಅರ್ಧ ಗಂಟೆ ನಿಂತರೆ, ಅದೇ ಹನ್ನೆರಡು ಗಂಟೆಯಲ್ಲಿ ಏಳು ಸಲಕ್ಕೆ ಹತ್ತಿರ, ಅಂದರೆ ಮೂರು ಸಾವಿರ ಕಿ.ಮೀ. ಮೀರಿ ಹಾರುತ್ತದೆ. ಇದು ನಾನೇ ಹಾಕಿದ ಒರಟು ಲೆಕ್ಕ. ಆದರೆ ಕಾರಣ ಸ್ಪಷ್ಟ: ವಿಮಾನದ ಖರ್ಚು ಬಹುಪಾಲು ಗಂಟೆಯನ್ನು ಹಿಂಬಾಲಿಸುತ್ತದೆ, ಟಿಕೆಟ್ಟಿನ ಮಿತಿ ಕಿಲೋಮೀಟರನ್ನು ಹಿಂಬಾಲಿಸುತ್ತದೆ. ಗಿಡ್ಡ ದಾರಿ ಈ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. 80 ಆಸನಕ್ಕಿಂತ ಚಿಕ್ಕ ವಿಮಾನಕ್ಕೆ ಇಳಿಯುವ ಶುಲ್ಕ ಬೇಡ ಎಂಬ ರಿಯಾಯಿತಿ ಈ ನೋವನ್ನು ಒಂದಿಷ್ಟು ತಗ್ಗಿಸಿದೆ. ನಮ್ಮಲ್ಲಿ ಹಾರುವ ಎಟಿಆರ್‌ಗಳಲ್ಲಿ ಹೆಚ್ಚೆಂದರೆ 78 ಆಸನಗಳಿರುವುದರಿಂದ ಅವು ಆ ಗೆರೆಯ ಒಳಗೇ ಬರುತ್ತವೆ.

ಮನೆಬಾಗಿಲಿನವರು

ನಾಲ್ಕನೆಯ ಪಂಥ ನಿಲ್ದಾಣವನ್ನೇ ಕೇಂದ್ರದಲ್ಲಿಡುವುದಿಲ್ಲ. ಪ್ರಯಾಣ ಶುರುವಾಗುವುದು ಮನೆಯ ಹೊಸ್ತಿಲಲ್ಲಿ, ಮುಗಿಯುವುದು ಇನ್ನೊಂದು ಹೊಸ್ತಿಲಲ್ಲಿ. ನಡುವಿನದೆಲ್ಲ ಒಂದೇ ಹೊತ್ತು ಎನ್ನುತ್ತದೆ ಇದು. ಯುರೋಪಿನ ಒಕ್ಕೂಟ 2011ರಲ್ಲಿ ಪ್ರಕಟಿಸಿದ ದೂರದರ್ಶಿ ವರದಿಯೊಂದು ಈ ಲೆಕ್ಕಕ್ಕೆ ಬಲ ಕೊಟ್ಟಿತು: 2050ರ ಹೊತ್ತಿಗೆ ಯುರೋಪಿನೊಳಗಿನ ಶೇ 90ರಷ್ಟು ಪ್ರಯಾಣಿಕರು ಮನೆಯಿಂದ ಮನೆಗೆ ನಾಲ್ಕು ಗಂಟೆಯೊಳಗೆ ಸೇರಬೇಕು ಎಂಬುದು ಅದರ ಗುರಿ.

ಈ ಪಂಥದ ಸತ್ಯ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2008ರ ಮೇ 24ರಂದು ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ಮಂಗಳೂರಿಗೆ ಎಚ್‌ಎಎಲ್‌ನಿಂದ ನೇರ ದೂರ ಸುಮಾರು 301 ಕಿ.ಮೀ., ದೇವನಹಳ್ಳಿಯಿಂದ ಸುಮಾರು 306. ಆಕಾಶದಲ್ಲಿ ಹೆಚ್ಚಿದ್ದು ಐದೇ ಕಿಲೋಮೀಟರು. ಮೆಜೆಸ್ಟಿಕ್‌ನಿಂದ ಹೊರಡುವವರಿಗೆ ನೆಲದಲ್ಲಿ ಹೆಚ್ಚಿದ್ದು ಇಪ್ಪತ್ತಕ್ಕೂ ಮಿಕ್ಕಿ. ಹೆಬ್ಬಾಳದ ವಾಹನದಟ್ಟಣೆಯಲ್ಲಿ ನಿಂತ ವಾಯು ವಜ್ರ ಬಸ್ಸಿನೊಳಗೆ ಕುಳಿತವರ ಪಾಲಿಗೆ ಅಂದಿನಿಂದ ಮಂಗಳೂರು ಒಂದು ಗಂಟೆ ದೂರ ಸರಿದಿದೆ.

ಈ ಲೆಕ್ಕವನ್ನು ಕಾನೂನಿಗೆ ತಂದದ್ದು ಫ್ರಾನ್ಸ್. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆಗೆ ದೇಶದೊಳಗಿನ ವಿಮಾನ ಬೇಡ ಎಂಬ ನಿಯಮ 2021ರ ಹವಾಮಾನ ಕಾಯ್ದೆಯಲ್ಲಿ ಬಂತು, 2023ರ ಮೇ ತಿಂಗಳಲ್ಲಿ ಜಾರಿಯಾಯಿತು; ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೊ, ನಾಂತ್, ಲಿಯಾನ್‌ಗಳ ಹಾರಾಟಕ್ಕೆ ಬಾಗಿಲು ಮುಚ್ಚಿತು. ಇದನ್ನು ನಮ್ಮಲ್ಲಿಗೆ ಹಾಗೇ ತರಬೇಕೆನ್ನುವವರು ನೆಲ ನೋಡಬೇಕು. ಶಿವಮೊಗ್ಗಕ್ಕೆ ಬೆಂಗಳೂರಿನಿಂದ ಆಕಾಶದಲ್ಲಿ 238 ಕಿ.ಮೀ.; ಶಿವಮೊಗ್ಗದಿಂದ ಹೊರಟ ಜನಶತಾಬ್ದಿ ರೈಲು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಬೆಂಗಳೂರಿನ ಯಶವಂತಪುರ ಮುಟ್ಟಿಸುತ್ತದೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ವಿಮಾನಕ್ಕೂ ರೈಲಿಗೂ ಅಂತರ ಬಹಳ ಕಡಿಮೆ. ಮಂಗಳೂರಿನ ಕಥೆ ಬೇರೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ; ಅಲ್ಲಿ ರೈಲು ತೆವಳಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಹೆದ್ದಾರಿಯೂ ಮುಚ್ಚುತ್ತದೆ. ಗಿಡ್ಡವೇ ಆದ ಈ ಎರಡು ದಾರಿಗಳಲ್ಲಿ ಒಂದಕ್ಕೆ ವಿಮಾನ ಅನುಕೂಲ, ಇನ್ನೊಂದಕ್ಕೆ ಆಸರೆ. ಕಿಲೋಮೀಟರ್ ನೋಡಿ ಈ ವ್ಯತ್ಯಾಸ ಹೇಳಲು ಯಾರಿಂದಲೂ ಆಗದು.

ಈ ಪಂಥದ ದೌರ್ಬಲ್ಯವೂ ಸಣ್ಣದಲ್ಲ. ಯಾರ ಮನೆ? ಗೋಕುಲ ರಸ್ತೆಯಲ್ಲಿ ಇರುವವರಿಗೆ ಹುಬ್ಬಳ್ಳಿ ನಿಲ್ದಾಣ ಹತ್ತು ನಿಮಿಷ. ಗದಗಿನವರಿಗೆ ಒಂದೂವರೆ ಗಂಟೆ. ಇಬ್ಬರಿಗೂ ಒಂದೇ ಅಂಕಿ ಬರೆಯಲು ಸಾಧ್ಯವಿಲ್ಲ. ಸರಾಸರಿ ಬರೆದರೆ ಅದು ಯಾರ ಅನುಭವವೂ ಅಲ್ಲ.

ಜಾಲದಲ್ಲಿ ಸಿಕ್ಕ ದೂರ

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಒಂದು ವಿಮಾನ ಇದೆ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ. 1967ರಿಂದ ಅದು ನಡೆಯುತ್ತ ಬಂದಿದೆ. ಅಷ್ಟು ಹತ್ತಿರಕ್ಕೆ ವಿಮಾನ ಏಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ವಿಮಾನ ಒಂದು ದೊಡ್ಡ ಸುತ್ತಿನ ಕೊಂಡಿ, ಅದರಲ್ಲಿ ಶಿಕ್ಷಕರು, ವೈದ್ಯರು ಓಡಾಡುತ್ತಾರೆ. ಐದನೆಯ ಪಂಥದ ಮಾತು ಇದು: ಎರಡು ನಿಲ್ದಾಣಗಳ ನಡುವಿನ ದೂರವನ್ನು ಆ ಎರಡನ್ನೇ ನೋಡಿ ಹೇಳಲಾಗದು, ಇಡೀ ಜಾಲ ನೋಡಬೇಕು.

ನಮ್ಮ ಜಾಲದ ಆಕಾರ ನೋಡಿ. ಕರ್ನಾಟಕದ ಸಣ್ಣ ನಿಲ್ದಾಣಗಳ ಬಹುಪಾಲು ದಾರಿಗಳು ಬೆಂಗಳೂರು, ಹೈದರಾಬಾದ್, ಮುಂಬೈಗಳಂಥ ದೊಡ್ಡ ಊರುಗಳ ಕಡೆಗೇ ಮುಖ ಮಾಡಿವೆ. ಹುಬ್ಬಳ್ಳಿ–ಮಂಗಳೂರು, ಮೈಸೂರು–ಮಂಗಳೂರಿನಂಥ ಅಡ್ಡ ದಾರಿಗಳಲ್ಲಿ ನೇರ ವಿಮಾನ ಬಂದದ್ದೂ ಉಂಟು, ವೇಳಾಪಟ್ಟಿಯಿಂದ ಇಳಿದುಹೋದದ್ದೂ ಉಂಟು. ನೇರ ವಿಮಾನ ಇಲ್ಲದ ದಿನ ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗುವವರು ದೇವನಹಳ್ಳಿಯವರೆಗೆ 370, ಅಲ್ಲಿಂದ 306, ಒಟ್ಟು ಸುಮಾರು 676 ಕಿ.ಮೀ. ಹಾರುತ್ತಾರೆ. ನೇರ ದೂರದ ಎರಡೂವರೆ ಪಟ್ಟು. ನಡುವೆ ಕಾಯುವ ಹೊತ್ತು ಎರಡರಿಂದ ನಾಲ್ಕು ಗಂಟೆ. ನಾಮಕರಣದ ದಿನ ನನಗೆ ಹಿಡಿದ ಏಳೂವರೆ ಗಂಟೆಯಲ್ಲಿ ಗಾಳಿಯಲ್ಲಿದ್ದದ್ದು ಎರಡು ಗಂಟೆಯೂ ಇರಲಿಕ್ಕಿಲ್ಲ. ಯಲ್ಲಾಪುರದ ಬಸ್ಸು ಅಷ್ಟರಲ್ಲಿ ನನ್ನನ್ನು ಅಲ್ಲಿಗೆ ಮುಟ್ಟಿಸುತ್ತಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಯೋಜನೆ ದಶಕಗಳಿಂದ ಕಾಡಿನ ತಕರಾರಿನಲ್ಲಿ ನಿಂತಿದೆ. ಆ ಕಾಡು ಉಳಿಯಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ಹಾಗಿದ್ದ ಮೇಲೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಮರ ಕಡಿಯದೆ ಹಾಕಬಹುದಾದ ದಾರಿ ಎಂದರೆ ಆಕಾಶದ್ದೇ.

ಅಡ್ಡ ದಾರಿಗಳು ಏಕೆ ಬದುಕುವುದಿಲ್ಲ ಎಂಬುದಕ್ಕೆ ಜಾಲದವರ ವಿವರಣೆ ಹೀಗೆ: ದಿನಕ್ಕೊಂದೇ ಹಾರಾಟ ಇದ್ದರೆ ಅದರ ಹೊತ್ತು ಯಾರಿಗೂ ಹೊಂದುವುದಿಲ್ಲ, ಜನ ಹತ್ತುವುದಿಲ್ಲ, ಜನ ಹತ್ತದಿದ್ದರೆ ಎರಡನೆಯ ಹಾರಾಟ ಬರುವುದಿಲ್ಲ. ಉಡಾನ್ ಈ ಸುಳಿಯನ್ನು ಮೂರು ವರ್ಷದ ನೆರವಿನಿಂದ ದಾಟಿಸಲು ಹೊರಟಿತು. 2023ರ ಮಹಾಲೇಖಪಾಲರ ವರದಿ ಕೊಟ್ಟ ಚಿತ್ರ ನಿರಾಶೆಯದು: ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ; ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವಿಗೆ ಅರ್ಹ ದೂರದ ಮಿತಿಯನ್ನು 2023ರಲ್ಲಿ 500ರಿಂದ 600 ಕಿ.ಮೀ.ಗೆ ಏರಿಸಿ, ಅದಕ್ಕಿಂತ ಉದ್ದದ ದಾರಿಗೂ ಬಾಗಿಲು ತೆರೆದರು. ಉದ್ದದ ದಾರಿಗಳಿಗೆ ಇದು ಅನುಕೂಲ. 266 ಕಿ.ಮೀ.ನ ಅಡ್ಡ ದಾರಿಗೆ ಇದರಿಂದ ಏನು ಸಿಕ್ಕಿತು ಎಂದು ಹುಡುಕಿದೆ. ನನಗೆ ಏನೂ ಕಾಣಲಿಲ್ಲ.

ಬಗೆಹರಿಯದೆ ಉಳಿದಿರುವುದು

ನೆರವು ಕೊಡುವಾಗ ಯಾವ ದೂರವನ್ನು ಎಣಿಸಬೇಕು ಎಂಬುದು ಮೊದಲ ತಕರಾರು. ಕಿಲೋಮೀಟರ್ ಎಣಿಸಿದರೆ ಗಿಡ್ಡ ದಾರಿ ಸೋಲುತ್ತದೆ. ನಿಮಿಷ ಎಣಿಸಿದರೆ ಕಂಪನಿಗಳು ನಿಮಿಷ ಹಿಗ್ಗಿಸುವ ಭಯ. ಉಳಿಸಿದ ಹೊತ್ತನ್ನು, ಅಂದರೆ ಬಸ್ಸು ರೈಲುಗಳಿಗೆ ಹೋಲಿಸಿ ಮನೆಯಿಂದ ಮನೆಗೆ ಮಿಕ್ಕ ಗಂಟೆಗಳನ್ನು ಎಣಿಸುವುದು ನನಗೆ ನ್ಯಾಯವೆನಿಸುತ್ತದೆ. ಘಟ್ಟ ದಾಟುವ ದಾರಿಗಳು ಆಗ ಮೇಲೆ ಬರುತ್ತವೆ. ಆದರೆ ಆ ಗಂಟೆಗಳನ್ನು ಅಳೆಯುವ ಒಪ್ಪಿತ ವಿಧಾನ ನಮ್ಮಲ್ಲಿ ಇನ್ನೂ ಬಂದಿಲ್ಲ.

ಇಂಗಾಲದ ಪ್ರಶ್ನೆ ಇನ್ನೂ ಕಠಿಣ. ಗಿಡ್ಡ ಹಾರಾಟದಲ್ಲಿ ಏರಿಕೆಯ ಇಂಧನದ ಪಾಲು ದೊಡ್ಡದು, ಕಿಲೋಮೀಟರಿಗೆ ಹೊಗೆ ಹೆಚ್ಚು. ಆದ್ದರಿಂದ ಇವನ್ನೇ ಮೊದಲು ನಿಲ್ಲಿಸಬೇಕು ಎನ್ನುವವರಿದ್ದಾರೆ. ನೇರ ಗಿಡ್ಡ ಹಾರಾಟ ನಿಂತರೆ ಅದೇ ಪ್ರಯಾಣಿಕ ಬೆಂಗಳೂರಿನ ಮೂಲಕ ಎರಡು ಬಾರಿ ಏರಿ, ಎರಡು ಬಾರಿ ಇಳಿದು, ಎರಡೂವರೆ ಪಟ್ಟು ದೂರ ಹೋದರೆ ಲೆಕ್ಕ ಏನಾಗುತ್ತದೆ? ಅವನು ಬಸ್ಸು ಹತ್ತಿದರೆ ಒಂದು ಉತ್ತರ, ಬೆಂಗಳೂರಿಗೆ ಹಾರಿದರೆ ಇನ್ನೊಂದು.

ಉಪಗ್ರಹ ಆಧಾರಿತ ಗಗನ್ ವ್ಯವಸ್ಥೆಯ ನೆರವಿನಿಂದ 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ಒಂದು ಇಳಿದು ತೋರಿಸಿತು. ನೆಲದಲ್ಲಿ ದುಬಾರಿ ಉಪಕರಣ ಇಲ್ಲದ ಸಣ್ಣ ನಿಲ್ದಾಣಗಳಿಗೆ ಮಂಜು–ಮೋಡದ ದಿನಗಳಲ್ಲಿ ಇದು ಎಷ್ಟು ಹಾರಾಟಗಳನ್ನು ಉಳಿಸಿಕೊಡುತ್ತದೆ ಎಂಬುದು ವರ್ಷಗಟ್ಟಲೆ ಬಳಸಿದ ಮೇಲೆ ತಿಳಿಯಬೇಕಾದ್ದು.

ಕೊನೆಯದು, ನನ್ನನ್ನು ಹೆಚ್ಚು ಕಾಡುವುದು. ಹುಬ್ಬಳ್ಳಿ, ಧಾರವಾಡ, ಗದಗಗಳಿಂದ ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಗೆ, ಕಾಲೇಜುಗಳಿಗೆ ರಾತ್ರಿ ಬಸ್ಸಿನಲ್ಲಿ ಎಷ್ಟು ಜನ ಹೋಗುತ್ತಾರೆ? ವಿಮಾನ ಹತ್ತಿದವರ ಲೆಕ್ಕ ನಿಲ್ದಾಣದಲ್ಲಿ ಸಿಗುತ್ತದೆ, ಹತ್ತದವರದು ಅಲ್ಲಿ ಸಿಗುವುದಿಲ್ಲ. ನೇರ ವಿಮಾನವನ್ನು ಬೆಳಿಗ್ಗೆ ಇಟ್ಟರೆ ಬರುವವರೆಷ್ಟು, ಸಂಜೆ ಇಟ್ಟರೆ ಎಷ್ಟು, ಬೆಲೆ ಬಸ್ಸಿನ ಎಷ್ಟು ಪಟ್ಟಿನವರೆಗೆ ತಡೆದಾರು ಎಂಬುದನ್ನು ಅರಬೈಲು ಘಟ್ಟ ಇಳಿಯುವ ಬಸ್ಸುಗಳ ಕಿಟಕಿ ಪಕ್ಕ ಕುಳಿತವರನ್ನೇ ಕೇಳಿ ತಿಳಿಯಬೇಕು.